ಸಾವಿರದ ಏಳು ದಿನ ಎರಡಾಗಿದ್ದ ಊರು

ಒಂದು ಹಳೆಯ ಫೋಟೋ ಇದೆ. ಇಂಟರ್ನೆಟ್ಟಿನಲ್ಲಿ ಅಲೆಯುವವರು ಒಮ್ಮೆಯಾದರೂ ನೋಡಿರುತ್ತೀರಿ. ಒಂದು ಸೇತುವೆ, ಅದರ ರಸ್ತೆ ಚಾಕುವಿನಲ್ಲಿ ಕೊಯ್ದ ಹಾಗೆ ತಟ್ಟನೆ ಮುಗಿದುಹೋಗಿದೆ. ಆ ಅಂಚಿನಲ್ಲಿ ಎರಡು ಕಾರು. ಎರಡರ ಮುಂದಿನ ಚಕ್ರಗಳೂ ಗಾಳಿಯಲ್ಲಿವೆ, ಹಿಂದಿನ ಚಕ್ರಗಳು ಮಾತ್ರ ರಸ್ತೆಯ ಮೇಲೆ. ಕೆಳಗೆ ನದಿ. ಮೊದಲ ಸಲ ನೋಡಿದಾಗ ಇದು ಯಾವುದೋ ಇಂಗ್ಲಿಷ್ ಸಿನಿಮಾದ್ದೇ ಇರಬೇಕು ಅಂದುಕೊಂಡಿದ್ದೆ.

ಸಿನಿಮಾ ಅಲ್ಲ. ಆಸ್ಟ್ರೇಲಿಯಾದ ದಕ್ಷಿಣಕ್ಕೆ ಟಾಸ್ಮೇನಿಯಾ ಅಂತ ಒಂದು ದ್ವೀಪ ಇದೆಯಲ್ಲ, ಅದರ ರಾಜಧಾನಿ ಹೋಬಾರ್ಟ್. ಅಲ್ಲಿನ ಟಾಸ್ಮನ್ ಸೇತುವೆ ಇದು. 1975ರ ಜನವರಿ 5ರ ಭಾನುವಾರ ರಾತ್ರಿ ಒಂದು ಹಡಗು ಬಂದು ಸೇತುವೆಯ ಕಂಬಗಳಿಗೆ ಗುದ್ದಿತು. ಹನ್ನೆರಡು ಜನ ಸತ್ತರು. ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ, ಆ ಫೋಟೋ ಅಷ್ಟು ಜೋರಾಗಿದೆ. ನನಗೆ ಮಾತ್ರ ಇದರ ದೊಡ್ಡ ಭಾಗ ಮರುದಿನ ಬೆಳಗ್ಗೆ ಶುರುವಾಗುತ್ತದೆ ಅನ್ನಿಸುತ್ತದೆ. ಸೇತುವೆ ಮತ್ತೆ ತೆರೆದದ್ದು 1977ರ ಅಕ್ಟೋಬರ್ 8ಕ್ಕೆ. ಲೆಕ್ಕ ಹಾಕಿ ನೋಡಿದೆ, ಸಾವಿರದ ಏಳು ದಿನ. ಅಷ್ಟು ದಿನ ಒಂದು ಊರು ಎರಡು ಊರಾಗಿ ಬದುಕಿತು.

ಮೊದಲು ಊರಿನ ಜಾಗ ಹೇಗಿದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಡರ್ವೆಂಟ್ ಅನ್ನುವ ನದಿ ಉತ್ತರದಿಂದ ಬಂದು ದಕ್ಷಿಣಕ್ಕೆ ಸಮುದ್ರ ಸೇರುತ್ತದೆ. ಹೋಬಾರ್ಟ್ ಇರುವುದು ಅದರ ಅಳಿವೆಯಲ್ಲಿ. ಅಳಿವೆ ಅಂದಮೇಲೆ ಗೊತ್ತಲ್ಲ, ಅಲ್ಲಿ ನದಿ ನದಿಯ ಹಾಗಿರುವುದಿಲ್ಲ. ಅಗಲ, ಆಳ, ಜೊತೆಗೆ ಸಮುದ್ರದ ಉಬ್ಬರ ಇಳಿತ. ಪಶ್ಚಿಮದ ದಡದಲ್ಲಿ ಹಳೆಯ ಊರು: ಬಂದರು, ಪಾರ್ಲಿಮೆಂಟು, ದೊಡ್ಡ ಆಸ್ಪತ್ರೆ, ಯೂನಿವರ್ಸಿಟಿ, ಸರ್ಕಾರಿ ಕಚೇರಿಗಳು, ಅಂಗಡಿ ಬೀದಿ. ಬೆನ್ನಿಗೇ ವೆಲ್ಲಿಂಗ್ಟನ್ ಬೆಟ್ಟ, ಹಾಗಾಗಿ ಊರು ಆ ಕಡೆ ಬೆಳೆಯಲು ಜಾಗ ಕಡಿಮೆ. ಪೂರ್ವದ ದಡದಲ್ಲಿ ಜಾಗ ಬೇಕಾದಷ್ಟಿತ್ತು, ದಾಟುವ ದಾರಿ ಇರಲಿಲ್ಲ. ದೋಣಿಯೇ ಗತಿ.

1943ರಲ್ಲಿ ಮೊದಲ ಸೇತುವೆ ಬಂತು. ಅದೂ ಒಂದು ವಿಚಿತ್ರ ಸೇತುವೆ. ತೇಲುವ ಸೇತುವೆ! ಒಳಗೆ ಟೊಳ್ಳಾದ ಕಾಂಕ್ರೀಟಿನ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, ಬಿಲ್ಲಿನ ಹಾಗೆ ಬಾಗಿಸಿ, ನೀರಿನ ಮೇಲೆ ತೇಲಿಬಿಟ್ಟಿದ್ದರು. ಅಲನ್ ನೈಟ್ ಅನ್ನುವ ಎಂಜಿನಿಯರ್ ಮಾಡಿದ ವಿನ್ಯಾಸ. ಒಂದು ತುದಿಯಲ್ಲಿ ಮೇಲಕ್ಕೆ ಎತ್ತುವ ಭಾಗ ಇತ್ತು. ಹಡಗು ಬಂದರೆ ರಸ್ತೆ ನಿಲ್ಲಿಸಿ, ಅದನ್ನು ಎತ್ತಿ, ಹಡಗು ದಾಟಿದ ಮೇಲೆ ಇಳಿಸುವುದು. ಅಷ್ಟು ಹೊತ್ತು ಕಾರಿನವರು ಕಾಯಬೇಕು. ಈ ಕಾಯುವ ವಿಷಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಸೇತುವೆ ಬಂದದ್ದೇ ತಡ, ಪೂರ್ವದ ದಡದಲ್ಲಿ ಮನೆಗಳು ಏಳತೊಡಗಿದವು. ಇಪ್ಪತ್ತು ವರ್ಷದಲ್ಲಿ ತೇಲುವ ಸೇತುವೆ ಸಾಲದಾಯಿತು. ಅದರ ಪಕ್ಕದಲ್ಲೇ ಹೊಸದನ್ನು ಕಟ್ಟಿ 1964ರಲ್ಲಿ ಸಂಚಾರಕ್ಕೆ ಬಿಟ್ಟರು. ಅದೇ ಟಾಸ್ಮನ್ ಸೇತುವೆ. ಸುಮಾರು 1,400 ಮೀಟರ್ ಉದ್ದ, ನಾಲ್ಕು ಲೇನು, ನಡುವೆ ಒಂಟೆಯ ಬೆನ್ನಿನ ಹಾಗೆ ಎತ್ತರ. ಹಡಗುಗಳು ಅಡಿಯಲ್ಲಿ ತಮ್ಮ ಪಾಡಿಗೆ ಹೋಗಬಹುದು, ಕಾರುಗಳು ಮೇಲೆ ತಮ್ಮ ಪಾಡಿಗೆ ಹೋಗಬಹುದು. ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಇದಕ್ಕೆ ಪ್ರಗತಿ ಅಂತ ಹೆಸರು. ಹಳೆಯ ತೇಲುವ ಸೇತುವೆಯನ್ನು ಬಿಚ್ಚಿಹಾಕಿದರು.

1975ರ ಹೊತ್ತಿಗೆ ಹೋಬಾರ್ಟಿನ ಶೇಕಡಾ 30ರಷ್ಟು ಜನ ಪೂರ್ವದ ದಡದಲ್ಲಿ ವಾಸವಾಗಿದ್ದರು. ಆದರೆ ಅಲ್ಲಿದ್ದದ್ದು ಹೆಚ್ಚಾಗಿ ಮನೆಗಳೇ. ಕೆಲಸ, ಆಸ್ಪತ್ರೆ, ಕಚೇರಿ ಎಲ್ಲವೂ ಆಚೆ ದಡದಲ್ಲಿ. ಯಾರಿಗೂ ಇದು ತೊಂದರೆ ಅನ್ನಿಸಿರಲಿಲ್ಲ. ಸೇತುವೆ ದಾಟಲು ಮೂರು ನಿಮಿಷ ಸಾಕಾಗಿತ್ತು. ಮೂರು ನಿಮಿಷದ ದೂರದಲ್ಲಿ ಆಸ್ಪತ್ರೆ ಇರುವಾಗ ಈಚೆಗೊಂದು ಆಸ್ಪತ್ರೆ ಯಾಕೆ ಬೇಕು?

ಈಗ ಹಡಗಿಗೆ ಬರೋಣ.

ಹೆಸರು ಲೇಕ್ ಇಲವಾರಾ. ಆಸ್ಟ್ರೇಲಿಯಾ ಸರ್ಕಾರದ ಹಡಗು ಕಂಪನಿಗೆ ಸೇರಿದ್ದು. ಹೊಟ್ಟೆಯಲ್ಲಿ 10,000 ಟನ್ ಸತುವಿನ ಅದಿರಿನ ಪುಡಿ. ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಪಿರಿಯಿಂದ ಹೊರಟು, ಹೋಬಾರ್ಟಿನಲ್ಲಿ ಸೇತುವೆಯಿಂದ ಮೇಲ್ಗಡೆ, ರಿಸ್ಡನ್ ಅನ್ನುವಲ್ಲಿರುವ ಸತುವಿನ ಕಾರ್ಖಾನೆಗೆ ಹೋಗಬೇಕಿತ್ತು. ಅಂದರೆ ಸೇತುವೆಯ ಅಡಿಯಲ್ಲಿ ಹಾದುಹೋಗಲೇಬೇಕು. ಅಂಥ ಹಡಗುಗಳು ಆಗಾಗ ಹೋಗಿ ಬರುತ್ತಲೇ ಇದ್ದವು. ಹಡಗು ಹೋಗಲಿಕ್ಕೆಂದೇ ಸೇತುವೆಯ ನಡುವೆ ಅಗಲವಾದ ಅಂಕಣ ಇದೆ. (ಅಂಕಣ ಅಂದರೆ ಪೇಪರಿನ ಅಂಕಣ ಅಲ್ಲ ಮಾರಾಯ್ರೆ, ನಮ್ಮ ಹಳೆಯ ಮನೆಗಳಲ್ಲಿ ಕಂಬದಿಂದ ಕಂಬಕ್ಕೆ ಎಣಿಸುತ್ತಾರಲ್ಲ, ಆ ಅಂಕಣ.)

ಆ ರಾತ್ರಿ ಹಡಗು ಸೇತುವೆಯನ್ನು ಸಮೀಪಿಸುವಾಗಲೇ ದಾರಿಯಿಂದ ಸರಿದಿತ್ತು. ನೀರಿನ ಸೆಳೆತ ಜೋರಾಗಿತ್ತು, ಕಪ್ತಾನನ ಗಮನವೂ ಸಾಲದಾಗಿತ್ತು. ಮೊದಲು ಎಂಟು ನಾಟ್ ವೇಗದಲ್ಲಿ ಬರುತ್ತಿದ್ದವನು, ಸೇತುವೆ ಹತ್ತಿರವಾದಂತೆ ಜಾಗ್ರತೆಗೆಂದು ವೇಗ ಕಡಿಮೆ ಮಾಡಿದ. ನಮಗೆಲ್ಲ ಇದು ಸರಿಯಾದ ಕೆಲಸ ಅನ್ನಿಸುತ್ತದೆ. ಇಕ್ಕಟ್ಟಿನ ಜಾಗ ಬಂದರೆ ನಾವು ಬ್ರೇಕ್ ತುಳಿಯುವುದಿಲ್ಲವೇ? ಆದರೆ ಹಡಗು ಕಾರಿನ ಹಾಗಲ್ಲ. ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ಹರಿದಾಗ ಮಾತ್ರ. ಹಡಗು ನಿಧಾನವಾದಷ್ಟೂ ಚುಕ್ಕಾಣಿಯ ಹಿಡಿತ ಸಡಿಲವಾಗುತ್ತದೆ. ಸೈಕಲ್ಲನ್ನು ತೀರಾ ನಿಧಾನ ಮಾಡಿದರೆ ಓಲಾಡುತ್ತದಲ್ಲ, ಸುಮಾರಾಗಿ ಹಾಗೆ. ಅದರಲ್ಲೂ ಅಡಿಯಲ್ಲಿರುವ ನೀರೇ ಓಡುತ್ತಿದ್ದರೆ ಹಡಗು ನೀರು ಹೇಳಿದ ಕಡೆಗೆ ಹೋಗುತ್ತದೆ, ಚಕ್ರ ಹಿಡಿದವನು ಹೇಳಿದ ಕಡೆಗಲ್ಲ.

ನಡುವಿನ ದೊಡ್ಡ ಅಂಕಣದಲ್ಲಿ ಹಡಗು ಸಲೀಸಾಗಿ ದಾಟಬಹುದಿತ್ತು. ಆದರೂ ದಾರಿ ತಪ್ಪಿದ ಮೇಲೆ ಕಪ್ತಾನ ಅದರ ಪೂರ್ವಕ್ಕಿರುವ ಇನ್ನೊಂದು ಅಂಕಣದಲ್ಲಿ ತೂರಿಸಲು ನೋಡಿದ. ದಿಕ್ಕು ಬದಲಿಸಿದ, ಮತ್ತೆ ಬದಲಿಸಿದ. ಹಡಗು ಮಾತು ಕೇಳಲಿಲ್ಲ. ಕೊನೆಗೆ ದಿಕ್ಕುಗೆಟ್ಟು ಎಂಜಿನನ್ನು ಪೂರ್ತಿ ಹಿಂದಕ್ಕೆ ತಿರುಗಿಸಲು ಹೇಳಿದ. ಅಲ್ಲಿಗೆ ಮುಗಿಯಿತು. ಎಂಜಿನ್ ಹಿಂದಕ್ಕೆ ತಿರುಗಿದಾಗ ಚುಕ್ಕಾಣಿಯ ಮೇಲೆ ಬೀಳುತ್ತಿದ್ದ ಅಷ್ಟಿಷ್ಟು ನೀರಿನ ಒತ್ತಡವೂ ಹೋಯಿತು. ಹತ್ತು ಸಾವಿರ ಟನ್ ಹೊತ್ತ ಹಡಗು ಒಣಗಿದ ಮರದ ದಿಮ್ಮಿಯ ಹಾಗೆ ತೇಲುತ್ತಾ ಹೋಗಿ, ಹದಿನೆಂಟು ಮತ್ತು ಹತ್ತೊಂಬತ್ತನೆಯ ಕಂಬಗಳ ಬುಡಕ್ಕೆ ಬಡಿಯಿತು. ಗಂಟೆ ರಾತ್ರಿ 9.27.

ಎರಡು ಕಂಬ ಹೋದರೆ ಮೂರು ಅಂಕಣಕ್ಕೆ ಆಧಾರವಿಲ್ಲ. 127 ಮೀಟರ್ ರಸ್ತೆ ಕುಸಿದು ಬಿತ್ತು. ಅದರಲ್ಲಿ ಒಂದಷ್ಟು ನೇರವಾಗಿ ಹಡಗಿನ ಮೇಲೆಯೇ ಬಿತ್ತು. ಹಡಗು ಬಲಮಗ್ಗುಲಿಗೆ ವಾಲಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅಲ್ಲಿ ನೀರಿನ ಆಳ 35 ಮೀಟರ್. ಸಿಬ್ಬಂದಿಯಲ್ಲಿ ಏಳು ಜನ ಹಡಗಿನ ಜೊತೆಗೇ ಹೋದರು.

ಮೇಲೆ ರಸ್ತೆಯಲ್ಲಿದ್ದವರಿಗೆ ಇದೇನೂ ಗೊತ್ತಿಲ್ಲ. ಕತ್ತಲೆ. ಸೇತುವೆಗೆ ಏರು ಇದ್ದುದರಿಂದ ಮುಂದಿನ ರಸ್ತೆ ದೂರದಿಂದ ಕಾಣುವುದೂ ಕಷ್ಟ. ಭಾನುವಾರ ರಾತ್ರಿಯಾದ್ದರಿಂದ ವಾಹನಗಳು ಕಡಿಮೆ ಇದ್ದವು ಅನ್ನುವುದೊಂದೇ ಪುಣ್ಯ. ನಾಲ್ಕು ಕಾರುಗಳು ನೀರಿಗೆ ಬಿದ್ದವು, ಐದು ಜನ ಸತ್ತರು.

ಫೋಟೋದಲ್ಲಿರುವ ಎರಡು ಕಾರುಗಳಲ್ಲಿ ಒಂದರಲ್ಲಿ ಒಂದು ಸಂಸಾರ ಹೋಗುತ್ತಿತ್ತು. ಕಾರು ಓಡಿಸುತ್ತಿದ್ದವರಿಗೆ ಸೇತುವೆಯ ಮೇಲಿನ ಕೆಲವು ದೀಪಗಳು ಆರಿಹೋದದ್ದು ಕಂಡಿತು. ಏನೋ ಎಡವಟ್ಟಾಗಿದೆ ಅಂತ ನಿಧಾನ ಮಾಡಿದರು. ಮುಂದೆ ಹೋಗುತ್ತಿದ್ದ ಕಾರುಗಳು ಒಂದೊಂದಾಗಿ ಕಾಣದಾದವು. ಬ್ರೇಕ್ ಒತ್ತಿದರು, ಕಾರು ಅಂಚಿನಿಂದ ಕೆಲವೇ ಇಂಚು ಹಿಂದೆ ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಂದು ಕಾರು ಗುದ್ದಿ, ಮುಂದಿನ ಚಕ್ರಗಳು ಅಂಚಿನಾಚೆಗೆ ಹೋದವು. ಹೆಂಡತಿ ಮಕ್ಕಳನ್ನು ಹೊರಗೆ ಇಳಿಸಿ, ಆ ಮನುಷ್ಯ ರಸ್ತೆಯ ಮೇಲೆ ನಿಂತು ಬರುವ ವಾಹನಗಳಿಗೆ ಕೈ ಬೀಸತೊಡಗಿದರು. ಎರಡು ಕಾರುಗಳು ನಿಲ್ಲಿಸಲಿಲ್ಲ. ಒಂದಂತೂ ಇವರನ್ನು ತಪ್ಪಿಸಿಕೊಂಡು ಪಕ್ಕದಿಂದ ಹೋಯಿತು... ಅವರ ಕಣ್ಣೆದುರಿಗೇ ಎರಡೂ ಕೆಳಗೆ ಬಿದ್ದವು. ಆಮೇಲೆ ಜನ ತುಂಬಿದ್ದ ಒಂದು ಬಸ್ಸು ಬಂತು. ಅದರ ಡ್ರೈವರ್ ಇವರ ಕೈ ನೋಡಿ ಸ್ಟಿಯರಿಂಗ್ ಎಳೆದ, ಬಸ್ಸು ಜಾರಿ ಪಕ್ಕದ ಕಂಬಿಗೆ ಬಡಿದು ನಿಂತಿತು. ಬಸ್ಸಿನ ತುಂಬ ಜನ ಉಳಿದರು.

ನಾನು ಈ ಭಾಗವನ್ನು ಓದಿದಾಗಲೆಲ್ಲ ಆ ನಿಲ್ಲಿಸದೆ ಹೋದವರ ಬಗ್ಗೆ ಯೋಚಿಸುತ್ತೇನೆ. ರಾತ್ರಿ ಹೊತ್ತು, ಸೇತುವೆಯ ಮೇಲೆ ಯಾರೋ ಅಪರಿಚಿತ ಕೈ ಬೀಸುತ್ತಿದ್ದರೆ ನಾನಾದರೂ ನಿಲ್ಲಿಸುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ಗೊತ್ತಿಲ್ಲ.

ಎರಡನೆಯ ಕಾರಿನದ್ದು ಇನ್ನೊಂದು ಬಗೆ. ಅದು ಹೋಲ್ಡನ್ ಕಂಪನಿಯ ಮೊನಾರೋ. ಗಂಡ ಓಡಿಸುತ್ತಿದ್ದ, ಸೇತುವೆ ಇಲ್ಲದ್ದನ್ನು ಹೆಂಡತಿ ಮೊದಲು ಕಂಡು ಕೂಗಿದಳು. ಬ್ರೇಕ್ ಹಾಕಿದರೂ ಕಾರು ಜಾರಿ ಮುಂದಿನ ಚಕ್ರಗಳು ಅಂಚು ದಾಟಿದವು. ಕಾರಿನ ಹೊಟ್ಟೆಯಡಿಯ ಗೇರ್‌ಬಾಕ್ಸು ರಸ್ತೆಯ ಅಂಚಿಗೆ ಸಿಕ್ಕಿಕೊಂಡು ಕಾರು ತಕ್ಕಡಿಯ ಹಾಗೆ ನಿಂತುಬಿಟ್ಟಿತು. ಬಾಗಿಲು ತೆಗೆದು ನೋಡಿದರೆ ಕಾಲಿಡಲು ನೆಲವೇ ಇಲ್ಲ. ಹೇಗೋ ಮೈ ಹಿಂದಕ್ಕೆ ಎಳೆದುಕೊಂಡು ಎಲ್ಲರೂ ಹೊರಗೆ ಬಂದರು.

ಆಮೇಲೆ ವಿಚಾರಣೆ ನಡೆಯಿತು. ಹಡಗನ್ನು ನಡೆಸಬೇಕಾದ ರೀತಿಯಲ್ಲಿ ಕಪ್ತಾನ ನಡೆಸಲಿಲ್ಲ ಅಂತ ನಾವಿಕ ವಿಚಾರಣಾ ಕೋರ್ಟು ತೀರ್ಮಾನಿಸಿ, ಅವನ ಸರ್ಟಿಫಿಕೇಟನ್ನು ಆರು ತಿಂಗಳು ಅಮಾನತು ಮಾಡಿತು. ಹನ್ನೆರಡು ಜೀವಕ್ಕೆ ಆರು ತಿಂಗಳೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಒಬ್ಬ ಮನುಷ್ಯ ಒಂದು ರಾತ್ರಿ ತಪ್ಪು ಮಾಡಿದರೆ ಸೇತುವೆಯೇ ಬೀಳುತ್ತದೆ ಅನ್ನುವ ಹಾಗಿದ್ದರೆ, ತಪ್ಪು ಅವನೊಬ್ಬನದೇ ಅಲ್ಲ ಅಂತಲೂ ಅನ್ನಿಸುತ್ತದೆ. ಸೇತುವೆಯ ಅಡಿ ಹಡಗು ಹೋಗುವಾಗ ಮೇಲಿನ ರಸ್ತೆ ಎಂದಿನಂತೆ ತೆರೆದೇ ಇತ್ತು. ಕೆಳಗೆ ಏನಾದರೂ ಆದರೆ ಮೇಲಿನವರಿಗೆ ತಿಳಿಸುವ ಏರ್ಪಾಡು ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಆದದ್ದು ರಸ್ತೆಯಲ್ಲಿ ನಿಂತ ಒಬ್ಬನ ಎರಡು ಕೈ ಅಷ್ಟೇ.

ಮರುದಿನ ಸೋಮವಾರ. ಆಫೀಸು.

ಪೂರ್ವದ ದಡದಲ್ಲಿ ಮಲಗಿ ಎದ್ದವರಿಗೆ ಕೆಲಸಕ್ಕೆ ಹೋಗುವ ದಾರಿ ಇಲ್ಲ. ರಸ್ತೆಯಲ್ಲೇ ಹೋಗಬೇಕೆಂದರೆ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಹೋಗಿ, ಬ್ರಿಜ್‌ವಾಟರ್ ಅನ್ನುವಲ್ಲಿರುವ ಹಳೆಯ ಸೇತುವೆ ದಾಟಿ, ಮತ್ತೆ ದಕ್ಷಿಣಕ್ಕೆ ಅಷ್ಟೇ ದೂರ ಬರಬೇಕು. ಮೂರು ನಿಮಿಷದ ದಾರಿ ಒಂದೂವರೆ ಗಂಟೆಯಾಯಿತು. ದಿನಾ ಹೋಗಬೇಕು, ದಿನಾ ಬರಬೇಕು. ಹೆರಿಗೆ ನೋವು ಬಂದರೆ, ಎದೆನೋವು ಬಂದರೆ ಎಲ್ಲಿಗೆ ಹೋಗುವುದು? ಆಸ್ಪತ್ರೆಯ ಕಟ್ಟಡ ಎದುರಿನ ದಡದಲ್ಲಿದೆ. ನಡುವೆ ನೀರಿದೆ.

ಹೊತ್ತೂ ಕೆಟ್ಟದಾಗಿತ್ತು. ಅದಕ್ಕೆ ಹನ್ನೊಂದು ದಿನ ಹಿಂದೆ, 1974ರ ಕ್ರಿಸ್‌ಮಸ್ ದಿನ, ಟ್ರೇಸಿ ಅನ್ನುವ ಚಂಡಮಾರುತ ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಊರನ್ನು ನೆಲಸಮ ಮಾಡಿತ್ತು. ದೇಶದ ಗಮನ, ಹಣ, ಜನ ಎಲ್ಲ ಆ ಕಡೆ ಹೋಗಿತ್ತು. ಈಗ ದಕ್ಷಿಣ ತುದಿಯಲ್ಲಿ ಇನ್ನೊಂದು ರಾಜಧಾನಿ ಕಡಿದು ಎರಡಾಗಿತ್ತು.

ಮತ್ತೆ ದೋಣಿಗಳ ಕಾಲ ಬಂತು. ಮೂವತ್ತು ವರ್ಷ ಹಿಂದೆ ಬಿಟ್ಟ ಅಭ್ಯಾಸ. ಹೋಬಾರ್ಟಿನಲ್ಲಿ ಆಗ ರಾಬರ್ಟ್ ಕ್ಲಿಫರ್ಡ್ ಅನ್ನುವವರದ್ದೊಂದು ಸಣ್ಣ ಕಂಪನಿ ಇತ್ತು, ಸಲಿವನ್ಸ್ ಕೋವ್ ಫೆರ್ರಿ ಕಂಪನಿ. ಕೆಲವೇ ದೋಣಿಗಳು. ಒಂದಕ್ಕೆ ಮಾರ್ಟಿನ್ ಕ್ಯಾಶ್, ಒಂದಕ್ಕೆ ಜೇಮ್ಸ್ ಮೆಕೇಬ್ ಅಂತ ಹೆಸರು. ಇಬ್ಬರೂ ಟಾಸ್ಮೇನಿಯಾದ ಕಾಡಿನಲ್ಲಿ ದರೋಡೆ ಮಾಡಿಕೊಂಡಿದ್ದವರು! (ದೋಣಿಗೆ ಡಕಾಯಿತನ ಹೆಸರಿಡುವುದು ನನಗೆ ಬಹಳ ಹಿಡಿಸಿತು.) ಆ ಪುಟ್ಟ ದೋಣಿಗಳ ಮೇಲೆ ರಾತ್ರೋರಾತ್ರಿ ಒಂದು ಊರಿನ ಭಾರ ಬಿತ್ತು. 1912ರಲ್ಲಿ ಕಟ್ಟಿದ ಕಾರ್ಟೆಲಾ ಎಂಬ ಅಜ್ಜಿ ಹಡಗೂ ಕೆಲಸಕ್ಕೆ ನಿಂತಿತು. ಸಿಡ್ನಿಯಿಂದ ಲೇಡಿ ವೇಕ್‌ಹರ್ಸ್ಟ್ ಎಂಬ ದೊಡ್ಡ ಫೆರ್ರಿಯನ್ನು ತರಿಸಿದರು. ಎರಡು ವರ್ಷ ಚಿಲ್ಲರೆಯಲ್ಲಿ ಕ್ಲಿಫರ್ಡ್ ಅವರ ದೋಣಿಗಳು ಸಾಗಿಸಿದ ಪ್ರಯಾಣಿಕರ ಲೆಕ್ಕ ತೊಂಬತ್ತು ಲಕ್ಷ ಅನ್ನುತ್ತಾರೆ. ಒಬ್ಬರೇ ದಿನಕ್ಕೆ ಎರಡು ಸಲ ಹತ್ತಿದ್ದೂ ಅದರಲ್ಲಿ ಸೇರಿದೆ ಅನ್ನಿ, ಆದರೂ ಆ ಊರಿನ ಗಾತ್ರಕ್ಕೆ ಅದು ದೊಡ್ಡ ಸಂಖ್ಯೆ.

ನಮ್ಮಲ್ಲಿ ಶರಾವತಿ ಹಿನ್ನೀರಿನ ಲಾಂಚಿಗೆ ಕಾದವರಿಗೆ ಆ ಕ್ಯೂ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣುವ ಆಚೆ ದಡಕ್ಕೆ ಕೈಯಲ್ಲಿ ಗಡಿಯಾರ ನೋಡುತ್ತಾ ನಿಲ್ಲುವುದು. ಒಂದು ದೋಣಿ ತುಂಬಿ ಹೋಯಿತು, ಮುಂದಿನದು ಬರುವವರೆಗೆ ಮಳೆಯಾದರೂ ಅಷ್ಟೇ ಚಳಿಯಾದರೂ ಅಷ್ಟೇ. ಹೋಬಾರ್ಟಿನ ಚಳಿಗಾಲ ಬೇರೆ. ಆದರೆ ಆ ದೋಣಿಗಳ ಬಗ್ಗೆ ಅಲ್ಲಿನ ಹಳಬರು ಬರೀ ಬೈಯುವುದಿಲ್ಲ. ಕಾರಿನಲ್ಲಿ ಒಬ್ಬೊಬ್ಬರೇ ಹೋಗುತ್ತಿದ್ದವರು ಈಗ ಒಂದೇ ಬೆಂಚಿನಲ್ಲಿ ಕುಳಿತು ಮಾತಾಡಿಕೊಂಡು ಹೋಗುವ ಹಾಗಾಯಿತು. ಸಂಜೆಯ ದೋಣಿಯಲ್ಲಿ ಬಿಯರ್ ಕೂಡ ಸಿಗುತ್ತಿತ್ತು, ಅದು ಬೇರೆ ವಿಷಯ.

ಇನ್ನೊಂದು ಕಡೆ ಸಂಗತಿ ಅಷ್ಟು ಚೆನ್ನಾಗಿರಲಿಲ್ಲ. ಸೇತುವೆ ಬಿದ್ದ ಮೇಲಿನ ತಿಂಗಳುಗಳಲ್ಲಿ ಪೂರ್ವದ ದಡದಲ್ಲಿ ಅಪರಾಧಗಳು ಶೇಕಡಾ 41ರಷ್ಟು ಹೆಚ್ಚಿದವು ಅಂತ ಪೊಲೀಸರ ಲೆಕ್ಕ ತೋರಿಸಿತು. ಅದೇ ಹೊತ್ತಿಗೆ ಪಶ್ಚಿಮದ ದಡದಲ್ಲಿ ಕಡಿಮೆಯಾದವು. ಪೂರ್ವದ ದಡದಲ್ಲಿ ಕಾರು ಕಳ್ಳತನ ಹೆಚ್ಚಾಯಿತು, ಅಕ್ಕಪಕ್ಕದ ಮನೆಯವರ ಜಗಳ ದೂರುಗಳು ಇನ್ನೂ ಹೆಚ್ಚಾದವು. ಇದರಲ್ಲಿ ನನಗೆ ಆಶ್ಚರ್ಯ ಅನ್ನಿಸುವುದು ಒಂದೇ: ಆ ದಡದಲ್ಲಿ ಯಾರ ಮನೆಯೂ ಬಿದ್ದಿರಲಿಲ್ಲ. ಡಾರ್ವಿನ್ನಿನ ಹಾಗೆ ಯಾರೂ ಬಯಲಿಗೆ ಬಂದಿರಲಿಲ್ಲ. ಮನೆ, ಹಾಸಿಗೆ, ಕೆಲಸ, ಸಂಬಳ ಎಲ್ಲ ಇದ್ದ ಹಾಗೇ ಇದ್ದವು. ದಿನಕ್ಕೆ ಮೂರು ಗಂಟೆ ಮಾತ್ರ ಹೋಯಿತು. ಅಪ್ಪ ಅಮ್ಮ ಬೆಳಗ್ಗೆ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆಗೆ ಬರುವ ಹಾಗಾಯಿತು. ಒಂದು ಊರು ಅಲುಗಾಡಲು ಅಷ್ಟು ಸಾಕಾಯಿತೇನೋ. ಬಿದ್ದ ಮನೆಗೆ ಪರಿಹಾರ ಕೇಳಬಹುದು, ಪ್ರತಿದಿನ ಕಳೆದುಹೋದ ಮೂರು ಗಂಟೆಗೆ ಯಾವ ಅರ್ಜಿ ಕೊಡುವುದು?

ಆ ವರ್ಷವೇ ಡಿಸೆಂಬರಿನಲ್ಲಿ ಸೇತುವೆಗಿಂತ ಮೇಲ್ಗಡೆ ಒಂದು ಬೈಲಿ ಸೇತುವೆಯನ್ನು ಜೋಡಿಸಿ ತೆರೆದರು. ಬೈಲಿ ಸೇತುವೆ ಅಂದರೆ ಸೈನ್ಯದವರು ಯುದ್ಧದಲ್ಲಿ ಬಳಸುವ, ಕಬ್ಬಿಣದ ಚೌಕಟ್ಟುಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟುವ ಸೇತುವೆ. 788 ಮೀಟರ್ ಉದ್ದ, ಎರಡು ಲೇನು. ಮಧ್ಯಂತರ ಪರಿಹಾರ. ಅದರ ಮೇಲಿನ ಟ್ರಾಫಿಕ್ ಹೇಗಿದ್ದಿರಬಹುದು ಅಂತ ಊಹಿಸಿಕೊಳ್ಳಿ, ಆದರೂ ಸುತ್ತಿ ಬರುವ ದಾರಿ ಚಿಕ್ಕದಾಯಿತು.

ಈ ನಡುವೆ ಪೂರ್ವದ ದಡ ಸುಮ್ಮನೆ ಕಾಯುತ್ತಾ ಕೂರಲಿಲ್ಲ. ಆಚೆಗೆ ಹೋಗುವುದು ಕಷ್ಟ ಅಂದಮೇಲೆ ಬೇಕಾದದ್ದು ಈಚೆಗೇ ಬರಬೇಕಲ್ಲ. ಅಂಗಡಿಗಳು, ಕಚೇರಿಗಳು, ಸೇವೆಗಳು ಒಂದೊಂದಾಗಿ ಈಚೆಗೂ ಬಂದವು. ಅಲ್ಲಿಯವರೆಗೆ ಹೋಬಾರ್ಟಿನ ಮಲಗುವ ಕೋಣೆಯ ಹಾಗಿದ್ದ ಕ್ಲಾರೆನ್ಸ್ ತನ್ನದೇ ಊರಾಗತೊಡಗಿತು. ಸೇತುವೆ ಇದ್ದಾಗ ಯಾರೂ ಮಾಡದ ಕೆಲಸವನ್ನು ಸೇತುವೆ ಇಲ್ಲದ್ದು ಮಾಡಿಸಿತು.

ದೋಣಿಯ ಕ್ಲಿಫರ್ಡ್ ಕತೆಯೂ ಅಷ್ಟಕ್ಕೇ ಮುಗಿಯಲಿಲ್ಲ. ಸೇತುವೆ ತೆರೆದರೆ ತನ್ನ ದೋಣಿಗಳನ್ನು ಕೇಳುವವರಿಲ್ಲ ಅಂತ ಅವರಿಗೆ ಗೊತ್ತಿತ್ತು. 1977ರಲ್ಲೇ ಅವರು ಕಟಮರಾನ್ ಕಟ್ಟಲು ಶುರು ಮಾಡಿದರು, ಅಂದರೆ ಎರಡು ಒಡಲಿನ ಹಗುರ ಹಡಗು. ಆ ಕಂಪನಿಯೇ ಮುಂದೆ ಇನ್‌ಕ್ಯಾಟ್ ಆಯಿತು. 1990ರಲ್ಲಿ ಅವರು ಹೋಬಾರ್ಟಿನಲ್ಲಿ ಕಟ್ಟಿದ ಹೋವರ್‌ಸ್ಪೀಡ್ ಗ್ರೇಟ್ ಬ್ರಿಟನ್ ಅಟ್ಲಾಂಟಿಕ್ ಸಾಗರವನ್ನು ಅತಿ ವೇಗವಾಗಿ ದಾಟಿದ ಪ್ರಯಾಣಿಕ ಹಡಗು ಅಂತ ಹೇಲ್ಸ್ ಟ್ರೋಫಿ ಗೆದ್ದಿತು. 2025ರಲ್ಲಿ ಅದೇ ಡರ್ವೆಂಟ್ ನದಿಗೆ 130 ಮೀಟರ್ ಉದ್ದದ, ಬ್ಯಾಟರಿಯಲ್ಲೇ ಓಡುವ ಚೀನಾ ಸೊರಿಯಾ ಹಡಗನ್ನು ಇಳಿಸಿದರು. ಚೀನಾ ಅಂದರೆ ದೇಶವಲ್ಲ, ಉರುಗ್ವೆಯ ಒಬ್ಬ ನಟಿಯ ಹೆಸರು.

ಸೇತುವೆಯ ರಿಪೇರಿ 1975ರ ಅಕ್ಟೋಬರಿನಲ್ಲಿ ಶುರುವಾಯಿತು. ಖರ್ಚು ಸುಮಾರು 4.4 ಕೋಟಿ ಆಸ್ಟ್ರೇಲಿಯನ್ ಡಾಲರ್, ಕೊಟ್ಟದ್ದು ಕೇಂದ್ರ ಸರ್ಕಾರ. ಹೇಗೂ ಕೈ ಹಾಕಿದ್ದಾಯಿತು ಅಂತ ನಾಲ್ಕು ಲೇನನ್ನು ಐದು ಮಾಡಿದರು. ನಡುವಿನ ಲೇನು ಬೆಳಗ್ಗೆ ಒಂದು ದಿಕ್ಕಿಗೆ, ಸಂಜೆ ಇನ್ನೊಂದು ದಿಕ್ಕಿಗೆ. ಹದಿನೆಂಟನೆಯ ಕಂಬವನ್ನು ಮತ್ತೆ ಕಟ್ಟಿದರು. ಹತ್ತೊಂಬತ್ತನೆಯದನ್ನು ಕಟ್ಟಲಿಲ್ಲ. ಅದರ ಜಾಗದ ಹತ್ತಿರ ತಳದಲ್ಲಿ ಹಡಗಿನ ಮತ್ತು ಸೇತುವೆಯ ಅವಶೇಷ ತುಂಬಿತ್ತು. ಹಾಗಾಗಿ ಹದಿನೆಂಟರಿಂದ ಇಪ್ಪತ್ತಕ್ಕೆ ಒಂದೇ ಉದ್ದನೆಯ ಅಂಕಣ. ಈಗಲೂ ದೂರದಿಂದ ಸೇತುವೆಯ ಚಿತ್ರ ನೋಡಿ, ಸಾಲಾಗಿ ಬಂದ ಕಂಬಗಳ ನಡುವೆ ಒಂದು ಕಡೆ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಲೇಕ್ ಇಲವಾರಾ ಅಲ್ಲೇ ಸ್ವಲ್ಪ ದಕ್ಷಿಣಕ್ಕೆ ಇನ್ನೂ ನೀರಿನಡಿ ಮಲಗಿದೆ.

ಒಂದೇ ಸೇತುವೆಯನ್ನು ನಂಬಿದರೆ ಏನಾಗುತ್ತದೆ ಅಂತ ಗೊತ್ತಾಗಿತ್ತಲ್ಲ, 1984ರಲ್ಲಿ ಬೈಲಿ ಸೇತುವೆಯ ಬದಲಿಗೆ ಬೋವೆನ್ ಸೇತುವೆ ಅಂತ ಎರಡನೆಯ ಕಾಯಂ ಸೇತುವೆಯನ್ನು ಕಟ್ಟಿದರು. ಜನ ಸುತ್ತು ಹಾಕುತ್ತಿದ್ದ ಬ್ರಿಜ್‌ವಾಟರಿನ ಹಳೆಯ ಸೇತುವೆಯ ಬದಲಿಗೂ 2025ರಲ್ಲಿ ಹೊಸದು ಬಂತು.

ಉಳಿದ ಪ್ರಪಂಚ ಕಲಿಯಿತೇ? ನಿಧಾನವಾಗಿ. 1980ರ ಮೇ 9ರಂದು ಅಮೆರಿಕದ ಫ್ಲೋರಿಡಾದಲ್ಲಿ ಸಮ್ಮಿಟ್ ವೆಂಚರ್ ಹಡಗು ಬಿರುಮಳೆಯಲ್ಲಿ ಸನ್‌ಶೈನ್ ಸ್ಕೈವೇ ಸೇತುವೆಗೆ ಗುದ್ದಿ 35 ಜನ ಸತ್ತರು. ಅಲ್ಲೂ ಅಂಚಿನಲ್ಲಿ ನಿಂತ ಒಂದು ಕಾರಿನ ಫೋಟೋ ಇದೆ. ಅದಾದ ಮೇಲೆ 1983ರಲ್ಲಿ ಕೋಪನ್‌ಹೇಗನ್ನಿನಲ್ಲಿ ಎಂಜಿನಿಯರುಗಳು ಸೇರಿ ಹಡಗು ಗುದ್ದುವುದನ್ನೂ ಲೆಕ್ಕಕ್ಕೆ ಹಿಡಿದು ಸೇತುವೆ ಕಟ್ಟುವುದು ಹೇಗೆ ಅಂತ ಕೂತು ಚರ್ಚಿಸಿದರು. ಅಮೆರಿಕದಲ್ಲಿ ಅದಕ್ಕೊಂದು ಮಾರ್ಗಸೂಚಿ ಬಂದದ್ದು 1991ರಲ್ಲಿ.

ಬಾಲ್ಟಿಮೋರಿನ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ತೆರೆದದ್ದು 1977ರ ಮಾರ್ಚಿನಲ್ಲಿ. ಹೋಬಾರ್ಟಿನಲ್ಲಿ ರಿಪೇರಿ ನಡೆಯುತ್ತಿದ್ದ ಹೊತ್ತಿಗೇ! ಮಾರ್ಗಸೂಚಿ ಬರುವ ಮೊದಲು ಕಟ್ಟಿದ್ದು ಅದು. ಆಮೇಲಾದರೂ ಅದರ ಅಪಾಯವನ್ನು ಲೆಕ್ಕ ಹಾಕಿ ನೋಡಬಹುದಿತ್ತು, ನೋಡಿರಲಿಲ್ಲ ಅಂತ ತನಿಖೆಯವರು 2025ರಲ್ಲಿ ಹೇಳಿದರು. 2024ರ ಮಾರ್ಚ್ 26ರ ರಾತ್ರಿ ಡಾಲಿ ಎಂಬ ಕಂಟೇನರ್ ಹಡಗು ಅದಕ್ಕೆ ಗುದ್ದಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ನಮ್ಮವರಿಗೆ ಅದು ಹೆಚ್ಚು ತಾಗಿದ್ದಕ್ಕೆ ಕಾರಣವೂ ಇತ್ತು. ಹಡಗಿನ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು. ತಿಂಗಳುಗಟ್ಟಲೆ ಅವರು ಆ ಹಡಗಿನಲ್ಲೇ ಉಳಿಯಬೇಕಾಯಿತು. ಮೊದಲ ದಿನಗಳಲ್ಲಿ ಕೆಲವರು ಅವರನ್ನು ಇಂಟರ್ನೆಟ್ಟಿನಲ್ಲಿ ಹೀಯಾಳಿಸಿದ್ದೂ ನೆನಪಿದೆ. ಸರಿಯಾಗಿ ಕೂರದೆ ಸಡಿಲವಾದ ಒಂದೇ ಒಂದು ವೈರಿನಿಂದ ಹಡಗಿನ ಕರೆಂಟು ಹೋಯಿತು ಅಂತ 2025ರ ನವೆಂಬರಿನಲ್ಲಿ ತನಿಖೆ ಹೇಳಿತು.

ಆದರೆ ಹೋಬಾರ್ಟಿಗೂ ಬಾಲ್ಟಿಮೋರಿಗೂ ಒಂದು ವ್ಯತ್ಯಾಸ ಇದೆ. ಕರೆಂಟು ಹೋದ ಕೂಡಲೇ ಡಾಲಿಯಿಂದ ರೇಡಿಯೋದಲ್ಲಿ ಎಚ್ಚರಿಕೆ ಹೋಯಿತು, ಸೇತುವೆಯ ಎರಡೂ ತುದಿಯಲ್ಲಿ ಪೊಲೀಸರು ವಾಹನಗಳನ್ನು ತಡೆದರು. ಇದಕ್ಕೆಲ್ಲ ಸಿಕ್ಕಿದ್ದು ಎರಡು ಮೂರು ನಿಮಿಷ. ಯಾವ ಕಾರೂ ಹೋಗಿ ಬೀಳಲಿಲ್ಲ. ಸತ್ತದ್ದು ಆರು ಜನ, ಸೇತುವೆಯ ಮೇಲೆ ರಾತ್ರಿ ಪಾಳಿಯಲ್ಲಿ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಕೂಲಿಯವರು. ವಾಹನಗಳನ್ನು ತಡೆಯುವಷ್ಟರಲ್ಲಿ ಸಮಯ ಮುಗಿಯಿತು, ಅವರನ್ನು ಕರೆತರಲು ಉಳಿಯಲಿಲ್ಲ. ಹೊಸ ಸೇತುವೆ 2030ರ ಕೊನೆಗೆ ತೆರೆಯಬಹುದು ಅಂತ 2025ರಲ್ಲಿ ಹೇಳಿದರು. ಅಂದರೆ ಆ ಊರಿಗೆ ಸಾವಿರದ ಏಳು ದಿನವಲ್ಲ, ಅದರ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಬೇರೆ ದಾರಿಗಳಿವೆ, ಸುರಂಗಗಳಿವೆ, ಹಾಗಾಗಿ ಊರು ಎರಡಾಗಲಿಲ್ಲ ಅನ್ನುವುದು ಸಮಾಧಾನ.

ಹೋಬಾರ್ಟಿಗೆ ವಾಪಸು ಬರೋಣ, ಕಾಯುವ ವಿಷಯ ಬಾಕಿ ಇದೆ. 1977ರಲ್ಲಿ ಸೇತುವೆ ಮತ್ತೆ ತೆರೆದಾಗ ಕೆಲವು ಹೊಸ ನಿಯಮಗಳೂ ಬಂದವು. ದೊಡ್ಡ ಹಡಗು ದಾಟುವಾಗ ಪಕ್ಕದಲ್ಲಿ ಟಗ್ ದೋಣಿ ಇರಬೇಕು. ಮತ್ತೆ, ಹಡಗು ಸೇತುವೆಯ ಅಡಿಯಲ್ಲಿರುವಷ್ಟು ಹೊತ್ತು ಮೇಲೆ ಒಂದು ವಾಹನವೂ ಇರಬಾರದು. ಕೆಂಪು ದೀಪ ಹಾಕಿ ಎರಡೂ ಕಡೆ ನಿಲ್ಲಿಸುತ್ತಾರೆ. ಕಾಯದೆ ಹೋಗಲಿಕ್ಕೆಂದು ಕಟ್ಟಿದ ಎತ್ತರದ ಸೇತುವೆಯ ಮೇಲೆ, ತೇಲುವ ಸೇತುವೆಯ ಕಾಲದ ಹಾಗೆ, ಜನ ಮತ್ತೆ ಹಡಗಿಗೆ ಕಾಯುತ್ತಾರೆ. ಕೆಲವು ನಿಮಿಷದ ಮಾತು. ಸತುವಿನ ಹಡಗು ಟಗ್ಗಿನ ಜೊತೆ ನಿಧಾನವಾಗಿ ಕೆಳಗೆ ದಾಟುತ್ತದೆ, ದೀಪ ಹಸಿರಾಗುತ್ತದೆ. 1975ರ ನಂತರ ಹುಟ್ಟಿದವರು ಆಫೀಸಿಗೆ ತಡವಾಯಿತು ಅಂತ ಗೊಣಗುತ್ತಾರಂತೆ.